ತುಂಗೆಯ ದಡದ ಮನೆಮಾತು: ಮತ್ತೂರು, ಹೊಸಹಳ್ಳಿ ಮತ್ತು ಸಂಕೇತಿ

ಅಡ್ಡಗದ್ದೆಯೂ ಸೇರಿದ ಶೃಂಗೇರಿ ಸೀಮೆಯ ಮಲೆನಾಡಿನಲ್ಲಿ ಮನೆಗಳು ಗದ್ದೆ, ತೋಟಗಳ ಅಂಚಿಗೆ ಚದುರಿರುವುದೇ ವಾಡಿಕೆ. ಶೃಂಗೇರಿಯನ್ನು ಹಾದ ತುಂಗೆ ತೀರ್ಥಹಳ್ಳಿಯನ್ನು ದಾಟಿ ಶಿವಮೊಗ್ಗವನ್ನು ಸಮೀಪಿಸುವಲ್ಲಿ, ಅದರ ಎದುರುಬದುರು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳದು ಬೇರೆಯೇ ವಿನ್ಯಾಸ: ಸಾಲುಮನೆಗಳ ಅಗ್ರಹಾರ. ಈ ವ್ಯತ್ಯಾಸ ಭಾಷಾಚರಿತ್ರೆಗೂ ಸಂಬಂಧಿಸಿದ್ದು.

1980ರ ದಶಕದ ಆರಂಭದ ಸಂಭಾಷಣ ಶಿಬಿರದ ಬಳಿಕ ಮತ್ತೂರು ‘ಸಂಸ್ಕೃತ ಗ್ರಾಮ’ವೆಂದು ಪ್ರಸಿದ್ಧವಾಯಿತು. ಆ ಖ್ಯಾತಿಯ ಹಿಂದೆ ಸರಿದದ್ದು ಇಲ್ಲಿನ ಅಗ್ರಹಾರದ ಮನೆಮಾತಾದ ಸಂಕೇತಿ. ತಮಿಳು, ಮಲಯಾಳಗಳ ಬಳಗಕ್ಕೆ ಸೇರಿದ, ಕನ್ನಡದಿಂದ ಧಾರಾಳವಾಗಿ ಪಡೆದ ಈ ನುಡಿಗೆ ಸ್ವಂತ ಲಿಪಿಯಿಲ್ಲ. ಬರೆಯುವಾಗ ಕನ್ನಡ ಲಿಪಿಯೇ ಗತಿ. ಅದು ತಮಿಳಿನ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸೆಂಗೋಟೆಯ ಕಡೆಯಿಂದ ಹೊರಟ ವಲಸೆಯನ್ನು ಸಮುದಾಯದ ಐತಿಹ್ಯ ನಾಚಾರಮ್ಮನೆಂಬ ವಿದುಷಿಯ ಅವಮಾನದೊಂದಿಗೆ ಜೋಡಿಸುತ್ತದೆ. ಇದನ್ನು ಕಾಲನಿರ್ಣಯಕ್ಕೆ ಆಧಾರವಾಗಿಸಲಾಗದು. ವಲಸೆಯ ನೆನಪು ಹೆಣ್ಣೊಬ್ಬಳ ಹೆಸರಿನಲ್ಲಿ ಉಳಿದಿರುವುದು ಮಾತ್ರ ಗಮನಾರ್ಹ.

ಶತಮಾನಗಳ ಕಾಲ ಕನ್ನಡದ ನಡುವೆ ಈ ನುಡಿ ಉಳಿದದ್ದು ಹೇಗೆ? ಅಮೆಜಾನಿನ ವೌಪೆಸ್ ನದಿಯ ಹಳ್ಳಿಗಳಲ್ಲಿ ತುಕಾನೋ ಬಳಗದ ಜನರು ಬೇರೆ ನುಡಿಯ ಗುಂಪಿನಿಂದಲೇ ಹೆಣ್ಣು ತರುತ್ತಾರೆ. ಬಹುಭಾಷಿಕತೆ ಅಲ್ಲಿ ಮದುವೆಯ ಫಲ. ಸಂಕೇತಿಗಳಲ್ಲಿ ರೂಢಿ ತದ್ವಿರುದ್ಧ: ಸಂಬಂಧ ಒಳಗೊಳಗೇ, ವಾಸ ಒತ್ತೊತ್ತಾಗಿ. ಸೊಸೆಯಾಗಿ ಬಂದವಳೂ ಅದೇ ಮಾತಿನವಳು. ಜಗಲಿಯಿಂದ ಜಗಲಿಗೆ ಸಾಗಿದ್ದೂ ಅದೇ ಮಾತು. ಪಾಠಶಾಲೆಗೆ ಸಂಸ್ಕೃತ, ಅಡಿಕೆಯ ವ್ಯಾಪಾರಕ್ಕೆ ಕನ್ನಡ. ಕನ್ನಡದ ಪಾತ್ರ ಸಂತೆಗಷ್ಟೇ ಸೀಮಿತವೆನ್ನುವಂತಿಲ್ಲ: ಹೊಸಹಳ್ಳಿ ಗಮಕದ ಊರು, ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿ 2022ರಲ್ಲಿ ಪದ್ಮಶ್ರೀ ಪಡೆದರು.

2011ರ ಜನಗಣತಿಯಲ್ಲಿ ಸಂಸ್ಕೃತವನ್ನು ತಾಯ್ನುಡಿಯೆಂದು ಬರೆಸಿದವರು ದೇಶದಲ್ಲಿ 24,821 ಮಂದಿ. ಅದೇ ಗಣತಿಯ ಪ್ರಕಟಿತ ತಾಯ್ನುಡಿಗಳ ಪಟ್ಟಿಯಲ್ಲಿ ಸಂಕೇತಿಯ ಹೆಸರಿಲ್ಲ; ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಬರೆಸಿದ ನುಡಿಗಳು ‘ಇತರೆ’ಯಲ್ಲಿ ಕರಗುತ್ತವೆ. ಕಲಿತ ಭಾಷೆಗೆ ಅಂಕಿಯಿದೆ, ಹುಟ್ಟಿನೊಂದಿಗೆ ಬಂದ ಮಾತಿಗೆ ಇಲ್ಲ. ಮತ್ತೂರಿಗೆ ಧ್ವನಿಮುದ್ರಣ ಯಂತ್ರ ಹಿಡಿದು ಹೋಗುವ ಸಂಶೋಧಕರು ಸಾಮಾನ್ಯವಾಗಿ ಪಾಠಶಾಲೆಯ ಬಾಗಿಲಲ್ಲೇ ನಿಲ್ಲುತ್ತಾರೆ. ಸಂಕೇತಿಯ ದಾಖಲೆ ಆರಂಭವಾಗಬೇಕಾದದ್ದು ಅಡುಗೆಮನೆಯಲ್ಲಿ, ಸಂಭಾಷಣ ಶಿಬಿರಕ್ಕಿಂತ ಮೊದಲೇ ಸೊಸೆಯರಾಗಿ ಬಂದ ಅಜ್ಜಿಯರ ಮಾತಿನಿಂದ.