ಸತ್ಯ ಪರಿಶೀಲನೆ: ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸನ್ಯಾಸಿ ಏಡಿಗೆ ಸಾಕೇ?

ಸಾರಾಂಶ

"ಸನ್ಯಾಸಿ ಏಡಿ ಸಾಕುವುದು ತುಂಬಾ ಸುಲಭ. ಜಾಲರಿ ಪಂಜರದಲ್ಲಿಟ್ಟು ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿದರೆ ಮುಗಿಯಿತು" ಎಂಬ ಸಲಹೆ ವಿಡಿಯೊಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತದೆ. ನಾವು ಇದನ್ನು ಪರಿಶೀಲಿಸಿದೆವು. ಈ ಹೇಳಿಕೆ ಬಹುಪಾಲು ತಪ್ಪು. ಈ ಪ್ರಾಣಿಗೆ ಹಗಲೂ ರಾತ್ರಿ ಸುಮಾರು ಶೇ 75ರಿಂದ 85ರಷ್ಟು ತೇವಾಂಶವಿರುವ ಗಾಳಿ ಬೇಕು. ಬೆಂಗಳೂರಿನ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಡುವುದು ನೀರಿನ ಬಾಟಲಿ ಅಲ್ಲ, ಟ್ಯಾಂಕಿನ ಮುಚ್ಚಳ.

ಹೇಳಿಕೆ

ಅಂಗಡಿಗಳಲ್ಲಿ ಹರ್ಮಿಟ್ ಕ್ರ್ಯಾಬ್ ಎಂಬ ಹೆಸರಿನಲ್ಲಿ ಸಿಗುವ ಸನ್ಯಾಸಿ ಏಡಿಯ ಬಗ್ಗೆ ಸಾಮಾನ್ಯವಾಗಿ ಮೂರು ಮಾತುಗಳು ಒಟ್ಟಿಗೇ ಬರುತ್ತವೆ. ಒಂದು, ಅದಕ್ಕೆ ಗಾಳಿಯಾಡುವ ಪಂಜರ ಬೇಕು. ಎರಡು, ಆಗಾಗ ನೀರು ಚಿಮುಕಿಸಿದರೆ ತೇವ ಸಾಕಾಗುತ್ತದೆ. ಮೂರು, ಅದು ಹೇಗೂ ಕೆಲವು ತಿಂಗಳಷ್ಟೇ ಬದುಕುವ ಪ್ರಾಣಿ, ಸತ್ತರೆ ಬೇಸರ ಪಡಬೇಕಾಗಿಲ್ಲ.

ಸತ್ಯ ಪರಿಶೀಲನೆ

ನೆಲದ ಮೇಲೆ ಬದುಕುವ ಏಡಿಗೆ ತೇವದ ಗಾಳಿ ಏಕೆ?

ಸಾಕಲು ಮಾರುವ ಸನ್ಯಾಸಿ ಏಡಿಗಳು ಕೋಯೆನೊಬಿಟಾ ಎಂಬ ಕುಲಕ್ಕೆ ಸೇರಿದವು. ಭಾರತದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಕಡಲತೀರದಲ್ಲಿ ಇವು ಸಹಜವಾಗಿ ಬದುಕುತ್ತವೆ. ಬಾಡಿಗೆ ಮನೆಯವರಂತೆ, ಸತ್ತ ಶಂಖದ ಹುಳುವಿನ ಚಿಪ್ಪನ್ನೇ ಮನೆ ಮಾಡಿಕೊಂಡು, ದೇಹ ದೊಡ್ಡದಾದಾಗ ಇನ್ನೊಂದು ಮನೆ ಹುಡುಕುತ್ತವೆ.

ಬದುಕು ನೆಲದ ಮೇಲಿದ್ದರೂ ಉಸಿರಾಟ ಇನ್ನೂ ನೀರಿನ ಪ್ರಾಣಿಯದೇ. ಇವುಗಳಿಗೆ ನಮ್ಮಂಥ ಶ್ವಾಸಕೋಶ ಇಲ್ಲ, ಮಾರ್ಪಾಡಾದ ಕಿವಿರುಗಳಿವೆ. ಜೊತೆಗೆ ಕಿವಿರಿನ ಕೋಣೆಯ ಒಳಪದರ ಮತ್ತು ಶಂಖದೊಳಗಿನ ಮೆತ್ತಗಿನ ಹೊಟ್ಟೆಯ ಚರ್ಮ ಕೂಡ ಗಾಳಿಯಿಂದ ಆಮ್ಲಜನಕ ಹೀರುತ್ತವೆ. ಈ ಭಾಗಗಳೆಲ್ಲ ಒದ್ದೆಯಾಗಿದ್ದಾಗ ಮಾತ್ರ ಕೆಲಸ ಮಾಡುತ್ತವೆ. ಅದಕ್ಕೇ ಏಡಿ ಶಂಖದೊಳಗೆ ಸ್ವಲ್ಪ ನೀರನ್ನು ಹೊತ್ತುಕೊಂಡೇ ತಿರುಗುತ್ತದೆ. ಸುತ್ತಲಿನ ಗಾಳಿ ಒಣಗಿದ್ದರೆ ಆ ನೀರು ಆವಿಯಾಗುತ್ತದೆ, ಕಿವಿರು ಒಣಗುತ್ತದೆ, ಏಡಿಗೆ ನಿಧಾನವಾಗಿ ಉಸಿರು ಕಟ್ಟುತ್ತದೆ.

ಇದು ಒಂದೇ ದಿನದಲ್ಲಿ ಆಗುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಏಡಿ ಮಂಕಾಗುತ್ತದೆ, ತಿನ್ನುವುದು ಕಡಿಮೆ ಮಾಡುತ್ತದೆ, ಶಂಖದಿಂದ ಅರ್ಧ ಹೊರಗೆ ಜೋತುಬೀಳುತ್ತದೆ, ಕೊನೆಗೆ ಶಂಖವನ್ನೇ ಬಿಟ್ಟು ಬರಬಹುದು. ಆಗ ಮನೆಯವರು "ವಯಸ್ಸಾಯಿತೇನೋ" ಅಂದುಕೊಳ್ಳುತ್ತಾರೆ.

ಅದು ಕೆಲವೇ ತಿಂಗಳು ಬದುಕುವ ಪ್ರಾಣಿಯೇ?

ಅಲ್ಲ. ಕಾಡಿನಲ್ಲಿ, ಅಂದರೆ ತಮ್ಮ ಕಡಲತೀರದಲ್ಲಿ, ಈ ಏಡಿಗಳು ದಶಕಗಳ ಕಾಲ ಬದುಕಬಲ್ಲವು. ಕೆಲವೇ ತಿಂಗಳಲ್ಲಿ ಸತ್ತರೆ ಅದು ಆಯಸ್ಸು ಮುಗಿದದ್ದಲ್ಲ, ಆರೈಕೆ ತಪ್ಪಿದ್ದು.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಈ ಏಡಿಗಳ ಮೊಟ್ಟೆ ಒಡೆಯುವುದು ಸಮುದ್ರದಲ್ಲಿ. ಮರಿಗಳು ಮೊದಮೊದಲು ನೀರಿನಲ್ಲಿ ತೇಲುತ್ತಾ ಹಲವು ಹಂತಗಳನ್ನು ದಾಟಿ ಆಮೇಲೆ ದಡಕ್ಕೆ ಬರುತ್ತವೆ. ಇದನ್ನು ಮನೆಯಲ್ಲೋ ಫಾರ್ಮಿನಲ್ಲೋ ಮಾಡಿಸುವುದು ಬಹಳ ಕಷ್ಟ. ಹಾಗಾಗಿ ಮಾರಾಟಕ್ಕೆ ಬರುವ ಹೆಚ್ಚುಕಡಿಮೆ ಎಲ್ಲ ಏಡಿಗಳೂ ಯಾವುದೋ ಕಡಲತೀರದಿಂದ ಹಿಡಿದು ತಂದವು. ಒಂದು ಸತ್ತಿತೆಂದು ಇನ್ನೊಂದು ಕೊಂಡರೆ ಆ ತೀರದಲ್ಲಿ ಮತ್ತೊಂದು ಕಡಿಮೆಯಾಗುತ್ತದೆ.

ಬೆಂಗಳೂರಿನ ಗಾಳಿಯಲ್ಲಿರುವ ತೇವ ಸಾಲದೇ?

ವರ್ಷದ ಅರ್ಧ ಭಾಗ ಸಾಲದು. ಕಡಲತೀರದ ಗಾಳಿ ವರ್ಷವಿಡೀ ತೇವದಿಂದ ಕೂಡಿರುತ್ತದೆ. ಬೆಂಗಳೂರು ಕಡಲಿನಿಂದ ದೂರ, ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಜುಲೈ, ಆಗಸ್ಟ್ ತಿಂಗಳ ಮುಂಜಾನೆ ಇಲ್ಲಿನ ತೇವಾಂಶ ಶೇ 80 ದಾಟುತ್ತದೆ. ಆದರೆ ಫೆಬ್ರವರಿ, ಮಾರ್ಚ್ ಮಧ್ಯಾಹ್ನದ ಹೊತ್ತಿಗೆ ಅದು ಶೇ 30ರ ಆಸುಪಾಸಿಗೆ ಇಳಿಯುತ್ತದೆ.

ಇದನ್ನು ತಿಳಿಯಲು ಹವಾಮಾನ ಇಲಾಖೆಯ ಅಂಕಿಅಂಶವೇ ಬೇಕಿಲ್ಲ. ಯಲಹಂಕದ ಮನೆಗಳ ತಾರಸಿಯ ಮೇಲೆ ಹಪ್ಪಳ, ಸಂಡಿಗೆ ಒಣಗಲು ಹಾಕುವುದು ಇದೇ ತಿಂಗಳುಗಳಲ್ಲಿ. ಸಂಡಿಗೆಯನ್ನು ಎರಡೇ ದಿನದಲ್ಲಿ ಗರಿಗರಿ ಮಾಡುವ ಬಿಸಿಲು, ಗಾಳಿಯ ಕಾಲದಲ್ಲೇ ಜಾಲರಿ ಪಂಜರದ ಏಡಿಯ ಕಿವಿರೂ ಒಣಗುತ್ತದೆ. ಎ.ಸಿ. ಹಾಕಿದ ಕೋಣೆಯಲ್ಲಿ ಗಾಳಿ ಇನ್ನಷ್ಟು ಒಣಗುತ್ತದೆ.

ನೀರು ಚಿಮುಕಿಸಿದರೆ ಏನಾಗುತ್ತದೆ?

ನಾವು ಒಂದು ಸಣ್ಣ ಲೆಕ್ಕ ಹಾಕಿದೆವು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ಟ್ಯಾಂಕಿನಲ್ಲಿ ಹಿಡಿಯುವ ಗಾಳಿ ಸುಮಾರು 55 ಲೀಟರ್. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಷ್ಟು ಗಾಳಿಯ ತೇವಾಂಶ ಶೇ 80 ಆಗಲು ಬೇಕಾಗುವ ನೀರಾವಿ ಕೇವಲ 1 ಗ್ರಾಂ ಚಿಲ್ಲರೆ. ಅಂದರೆ ಇಪ್ಪತ್ತು ಚಿಲ್ಲರೆ ಹನಿ ನೀರು, ಅಷ್ಟೇ. ಮುಚ್ಚಿದ ಟ್ಯಾಂಕಿನಲ್ಲಿ ಒದ್ದೆ ಮರಳು ಇದ್ದರೆ ಇಷ್ಟು ತೇವ ತಾನಾಗಿಯೇ ಬರುತ್ತದೆ.

ಈಗ ಜಾಲರಿ ಪಂಜರ ನೋಡೋಣ. ಅಲ್ಲಿ ಪಂಜರದ ಗಾಳಿ ಬೇರೆ, ಕೋಣೆಯ ಗಾಳಿ ಬೇರೆ ಎಂದಿಲ್ಲ. ಹತ್ತು ಅಡಿ, ಹನ್ನೆರಡು ಅಡಿಯ ಸಾಧಾರಣ ಕೋಣೆಯ ತೇವಾಂಶವನ್ನು ಶೇ 30ರಿಂದ 80ಕ್ಕೆ ಏರಿಸಲು ಸುಮಾರು 400 ಗ್ರಾಂಗಿಂತ ಹೆಚ್ಚು ನೀರು ಆವಿಯಾಗಬೇಕು. ಕಿಟಕಿ ತೆರೆದಿದ್ದರೆ ಅದೂ ನಿಲ್ಲುವುದಿಲ್ಲ. ಸ್ಪ್ರೇ ಬಾಟಲಿ ಹಿಡಿದು ಇಡೀ ಆರ್.ಟಿ. ನಗರವನ್ನೇ ಒದ್ದೆ ಮಾಡಲು ಹೊರಟಂತೆ ಆಗುತ್ತದೆ. ಚಿಮುಕಿಸಿದ ತಕ್ಷಣ ತೇವಾಂಶ ಏರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಇಳಿಯುತ್ತದೆ. ಬೆಳಿಗ್ಗೆಗೂ ಸಂಜೆಗೂ ನಡುವಿನ ಇಡೀ ದಿನ ಏಡಿ ಒಣ ಗಾಳಿಯಲ್ಲೇ ಇರುತ್ತದೆ.

ಮುಚ್ಚಿದರೆ ಉಸಿರು ಕಟ್ಟುವುದಿಲ್ಲವೇ?

ಇಲ್ಲ. ಗಾಜು ಅಥವಾ ಅಕ್ರಿಲಿಕ್ ಹಾಳೆ ಇಟ್ಟ ಮಾತ್ರಕ್ಕೆ ಟ್ಯಾಂಕು ಪೂರ್ತಿ ಗಾಳಿಬಿಗಿ ಆಗುವುದಿಲ್ಲ. ಊಟ ಹಾಕಲು, ನೀರು ಬದಲಿಸಲು ದಿನಕ್ಕೊಮ್ಮೆ ಮುಚ್ಚಳ ತೆಗೆದರೆ ಒಂದೆರಡು ಏಡಿಗಳಿಗೆ ಬೇಕಾದ ಹೊಸ ಗಾಳಿ ಒಳಗೆ ಬರುತ್ತದೆ. ನಿಜವಾಗಿ ಉಸಿರು ಕಟ್ಟಿಸುವುದು ಗಾಳಿಯಾಡುವ ಪಂಜರದ ಒಣಗಾಳಿ.

ಟ್ಯಾಂಕನ್ನು ಸರಿಪಡಿಸುವುದು ಹೇಗೆ?

1. ಮುಚ್ಚಳ: ಮೇಲೆ ಜಾಲರಿ ಇದ್ದರೆ ಅದರ ಮೇಲೆ ಗಾಜಿನ ಅಥವಾ ಅಕ್ರಿಲಿಕ್ ಹಾಳೆ ಇಡಿ. ತಾತ್ಕಾಲಿಕವಾಗಿ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯನ್ನೂ ಸುತ್ತಬಹುದು. ಮುಚ್ಚಿದ ಟ್ಯಾಂಕನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಮಾತ್ರ ಇಡಬೇಡಿ, ಒಳಗೆ ಬೆಂದುಹೋಗುತ್ತದೆ.

2. ಮರಳು: ಐದು ಪಾಲು ತೊಳೆದ ನುಣುಪು ಮರಳಿಗೆ ಒಂದು ಪಾಲು ಗೊಬ್ಬರ ಬೆರೆಸದ ಕೋಕೋಪೀಟ್ ಸೇರಿಸಿ. ಕೈಯಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಆಳ ಕನಿಷ್ಠ 15 ಸೆಂಟಿಮೀಟರ್ ಇರಲಿ, ಏಡಿ ದೊಡ್ಡದಾದರೆ ಅದರ ಎತ್ತರದ ಮೂರು ಪಟ್ಟು. ಮನೆ ಕಟ್ಟುವ ಎಂ-ಸ್ಯಾಂಡ್ ಬೇಡ. ಅದು ಕಲ್ಲು ಒಡೆದು ಮಾಡಿದ್ದು, ಕಣಗಳು ಚೂಪಾಗಿರುತ್ತವೆ.

3. ಎರಡು ಬಟ್ಟಲು ನೀರು: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಏಡಿ ಇಳಿದು ಮೈ ನೆನೆಸುವಷ್ಟು ಆಳ, ಹತ್ತಿ ಬರಲು ಒಂದು ಕಲ್ಲು ಇರಲಿ. ಉಪ್ಪುನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪನ್ನೇ ಬಳಸಿ, ಅಡುಗೆ ಉಪ್ಪು ಬೇಡ. ನಲ್ಲಿಯ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಕೆಲವು ಹನಿ ಹಾಕಿದ ನಂತರವೇ ಬಳಸಿ.

4. ಹೈಗ್ರೋಮೀಟರ್: ಗಾಳಿಯ ತೇವಾಂಶ ತೋರಿಸುವ ಈ ಸಣ್ಣ ಮೀಟರನ್ನು ಏಡಿ ಓಡಾಡುವ ಮಟ್ಟದಲ್ಲಿ, ಮರಳಿನ ಸ್ವಲ್ಪ ಮೇಲೆ ಇಡಿ. ನೀರಿನ ಬಟ್ಟಲಿನ ಪಕ್ಕದಲ್ಲೇ ಇಟ್ಟರೆ ಅದು ಹೆಚ್ಚು ತೋರಿಸಿ ನಿಮಗೆ ಸುಳ್ಳು ಧೈರ್ಯ ಕೊಡುತ್ತದೆ.

ಇಷ್ಟು ಮಾಡಿದ ಮೇಲೂ ತೇವಾಂಶ ಶೇ 75ಕ್ಕಿಂತ ಕೆಳಗಿಳಿದರೆ ಮಾತ್ರ ನೀರು ಚಿಮುಕಿಸಿ. ಸ್ಪ್ರೇ ಬಾಟಲಿಯ ಕೆಲಸ ಅಷ್ಟೇ.

ಮೀಟರ್ ತೋರಿಸುವುದು ನಿಜವೇ ಎಂದು ತಿಳಿಯುವುದು ಹೇಗೆ?

ಅಗ್ಗದ ಮೀಟರುಗಳು ಹತ್ತು ಅಂಕದಷ್ಟು ತಪ್ಪು ತೋರಿಸುವುದು ಅಪರೂಪವಲ್ಲ. ಪರೀಕ್ಷೆಗೆ ಅಡುಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಹಿಟ್ಟಿನಂತಾಗುವಷ್ಟು ಮಾತ್ರ ನೀರು ಹಾಕಿ. ಉಪ್ಪು ಕರಗಿ ಹೋಗಬಾರದು. ಅದನ್ನೂ ಮೀಟರನ್ನೂ ಒಂದು ಗಾಳಿಬಿಗಿ ಡಬ್ಬಿಯಲ್ಲಿಟ್ಟು ಮುಚ್ಚಿ. ಒಂದು ದಿನ ಬಿಟ್ಟು, ಮುಚ್ಚಳ ತೆಗೆಯದೆ ನೋಡಿ. ಒದ್ದೆ ಉಪ್ಪಿನ ಮೇಲಿನ ಮುಚ್ಚಿದ ಗಾಳಿಯಲ್ಲಿ ತೇವಾಂಶ ಯಾವಾಗಲೂ ಸುಮಾರು ಶೇ 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮೀಟರ್ 68 ತೋರಿಸಿದರೆ, ಅದು ಏಳು ಅಂಕ ಕಡಿಮೆ ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಅದರ ಮೇಲೆ ಏಳು ಕೂಡಿಸಿ ಓದಿ.

ಚಳಿಗಾಲದಲ್ಲಿ ಬಲ್ಬ್ ಹಾಕಬಹುದೇ?

ಇದು ಅರ್ಧ ಸತ್ಯ. ಈ ಏಡಿಗೆ 24ರಿಂದ 29 ಡಿಗ್ರಿ ಬಿಸಿ ಬೇಕು. ಡಿಸೆಂಬರ್, ಜನವರಿಯ ರಾತ್ರಿ ಬೆಂಗಳೂರಿನಲ್ಲಿ 15-16 ಡಿಗ್ರಿಗೆ ಇಳಿಯುವುದರಿಂದ ಬೆಚ್ಚಗಿಡಬೇಕಾದದ್ದು ನಿಜ. ಆದರೆ ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಇರುವ ಆವಿ ಅಷ್ಟೇ ಇದ್ದು ಗಾಳಿ ಮಾತ್ರ ಬಿಸಿಯಾದರೆ ತೇವಾಂಶದ ಶೇಕಡಾವಾರು ಕುಸಿಯುತ್ತದೆ. 21 ಡಿಗ್ರಿಯಲ್ಲಿ ಶೇ 80 ಇದ್ದ ಗಾಳಿಯನ್ನು 28 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ಶೇ 54 ಆಗುತ್ತದೆ. ಜಾಲರಿಯ ಮೇಲೆ ಬಲ್ಬ್ ಇಟ್ಟವರ ಏಡಿ ಬೆಚ್ಚಗಿದ್ದೂ ಸಾಯುವುದು ಇದಕ್ಕೇ.

ಬಲ್ಬಿನ ಬದಲು ಥರ್ಮೋಸ್ಟಾಟ್ ಇರುವ ಹೀಟ್ ಮ್ಯಾಟ್ ಅನ್ನು ಟ್ಯಾಂಕಿನ ಹಿಂಬದಿಯ ಗಾಜಿಗೆ, ಹೊರಗಿನಿಂದ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ. ಕೆಳಗೆ ಇಟ್ಟರೆ ಮರಳಿನಲ್ಲಿ ಹೂತುಕೊಂಡ ಏಡಿ ಬೇಯುತ್ತದೆ.

ಹೆಚ್ಚು ತೇವ ಇದ್ದಷ್ಟೂ ಒಳ್ಳೆಯದೇ?

ಅಲ್ಲ. ತೇವಾಂಶ ಸದಾ ಶೇ 90 ದಾಟಿದ್ದರೆ ಬೂಸ್ಟು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಚಿಮುಕಿಸಿದ ನೀರು ಮರಳಿನ ತಳಕ್ಕಿಳಿದು ನಿಂತರೆ ಒಳಗೆ ಹೂತುಕೊಂಡ ಏಡಿ ಮುಳುಗಬಹುದು. ಮಳೆಗಾಲದಲ್ಲಿ ಸ್ಪ್ರೇ ಬಾಟಲಿ ಎತ್ತಿಡಿ, ಮುಚ್ಚಳವನ್ನು ಒಂದು ಬೆರಳಗಲ ಸರಿಸಿ. ಉಳಿದ ಊಟವನ್ನು ಮರುದಿನವೇ ತೆಗೆಯಿರಿ.

ಏಡಿ ವಾರಗಟ್ಟಲೆ ಕಾಣದಿದ್ದರೆ ಸತ್ತಿದೆಯೇ?

ಹೆಚ್ಚಿನ ಸಲ ಇಲ್ಲ. ಬೆಳೆಯಲು ಅದು ಮರಳಿನಲ್ಲಿ ಹೂತುಕೊಂಡು ಹಳೆಯ ಹೊರಕವಚವನ್ನು ಕಳಚುತ್ತದೆ. ಸಣ್ಣ ಏಡಿಗೆ ಕೆಲವು ವಾರ, ದೊಡ್ಡದಕ್ಕೆ ಒಂದೆರಡು ತಿಂಗಳು ಅಥವಾ ಹೆಚ್ಚು ಬೇಕು. ಆಗ ಮೈ ಮೆತ್ತಗಿರುತ್ತದೆ. ಅಗೆದು ನೋಡಿದರೆ ಅದೇ ಸಾವಿಗೆ ಕಾರಣವಾಗಬಹುದು. ಸತ್ತ ಏಡಿ ಕೊಳೆತ ಮೀನಿನಂತೆ ನಾರುತ್ತದೆ. ಆ ವಾಸನೆ ಇಲ್ಲದಿದ್ದರೆ ಕಾಯಿರಿ.

ಬೀಚಿನಿಂದ ತರಬಹುದೇ? ಬೇಡವಾದರೆ ಕೆರೆಗೆ ಬಿಡಬಹುದೇ?

ಎರಡೂ ಬೇಡ. ಕಾರವಾರ, ಮಲ್ಪೆಯ ಬಂಡೆಗಳ ನಡುವಿನ ನೀರಿನಲ್ಲಿ ಮಕ್ಕಳಿಗೆ ಸಿಗುವ ಪುಟ್ಟ ಸನ್ಯಾಸಿ ಏಡಿಗಳು ಬಹುತೇಕ ಸಮುದ್ರದ ಜಾತಿಗಳು. ಅವಕ್ಕೆ ಬೇಕಾದದ್ದು ತೇವದ ಗಾಳಿಯಲ್ಲ, ಸಮುದ್ರದ ನೀರೇ. ಡಬ್ಬಿಯಲ್ಲಿ ಹಾಕಿಕೊಂಡು ಯಶವಂತಪುರದ ರೈಲು ಹತ್ತಿದರೆ ಅವು ಹೆಚ್ಚು ದಿನ ಉಳಿಯುವುದಿಲ್ಲ. ಇದೇ ಕುಟುಂಬದ ದೈತ್ಯ ತೆಂಗಿನ ಏಡಿಗೆ, ಹಾಗೆಯೇ ಕೆಲವು ಜಾತಿಯ ಶಂಖಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಹೀಗಾಗಿ ಮೂಲ ತಿಳಿಯದೆ ಏಡಿಯನ್ನಾಗಲಿ ಖಾಲಿ ಶಂಖವನ್ನಾಗಲಿ ಕೊಳ್ಳಬೇಡಿ.

ಹೆಬ್ಬಾಳ ಕೆರೆ, ಯಲಹಂಕ ಕೆರೆಗಳಿಗೆ ಬಿಡುವುದು ಬಿಡುಗಡೆ ಅಲ್ಲ. ಅಲ್ಲಿ ಉಪ್ಪುನೀರಿಲ್ಲ, ಕಡಲತೀರದ ಗಾಳಿಯಿಲ್ಲ, ಚಳಿಗಾಲದ ಬಿಸಿ ಇಲ್ಲ. ಸಾಕಲು ಆಗದಿದ್ದರೆ ಸರಿಯಾದ ಟ್ಯಾಂಕ್ ಇರುವವರಿಗೆ ಕೊಡಿ. ಏಡಿ ಕಾಯಿಲೆ ಬಿದ್ದಂತಿದ್ದರೆ ಮೊದಲು ಮೀಟರ್ ನೋಡಿ, ಆಮೇಲೆ ಬೇರೆ ಬಗೆಯ ಸಾಕುಪ್ರಾಣಿಗಳನ್ನು ನೋಡುವ ಪಶುವೈದ್ಯರನ್ನು ಕೇಳಿ.

ತೀರ್ಪು

ಜಾಲರಿ ಪಂಜರದಲ್ಲಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸನ್ಯಾಸಿ ಏಡಿಗೆ ಸಾಕು ಎಂಬ ಹೇಳಿಕೆ ಬಹುಪಾಲು ತಪ್ಪು. ಮುಚ್ಚಳ, ಆಳವಾದ ಒದ್ದೆ ಮರಳು, ಎರಡು ಬಟ್ಟಲು ನೀರು ಮತ್ತು ಉಪ್ಪಿನಲ್ಲಿ ಪರೀಕ್ಷಿಸಿದ ಒಂದು ಮೀಟರ್, ಈ ನಾಲ್ಕು ಇದ್ದರೆ ಬೆಂಗಳೂರಿನ ಮಾರ್ಚ್ ತಿಂಗಳಲ್ಲೂ ಅದು ಉಸಿರಾಡುತ್ತದೆ. ಇಷ್ಟನ್ನು ವರ್ಷಗಟ್ಟಲೆ ನೋಡಿಕೊಳ್ಳಲು ಆಗದು ಎನಿಸಿದರೆ ಕೊಳ್ಳದಿರುವುದೇ ಆ ಪ್ರಾಣಿಗೆ ಮಾಡುವ ಉಪಕಾರ. "ಸಾಕುವುದು ತುಂಬಾ ಸುಲಭ" ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮುನ್ನ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಟ್ಯಾಂಕಿನ ಒಳಗೆ ಈಗ ತೇವಾಂಶ ಎಷ್ಟಿದೆ?