ಇರುವೆ, ತಾಮ್ರ, ಬೆಲ್ಲ: ಅಪಕರ್ಷಣಕಾರಿ ಸಕ್ಕರೆಯ ಪರೀಕ್ಷೆಗೆ ಮೂಲ ಯಾವುದು?

ತಾಮ್ರದ ನೀಲಿ ದ್ರಾವಣವನ್ನು ಅಪಕರ್ಷಿಸಿ ಕೆಂಪಾಗಿಸುವ ಸಕ್ಕರೆ, ಎಂದರೆ ಅಪಕರ್ಷಣಕಾರಿ ಸಕ್ಕರೆ; ಅದರ ಪರೀಕ್ಷೆಯ ಚರಿತ್ರೆಯನ್ನು ಚರಕಸಂಹಿತೆಯಿಂದ ಆರಂಭಿಸುವ ರೂಢಿಯೊಂದಿದೆ. ಪ್ರಾಚೀನ ವೈದ್ಯರು ಮೂತ್ರಕ್ಕೆ ಇರುವೆ ಮುತ್ತಿಸಿ ಮಧುಮೇಹವನ್ನು ಪರೀಕ್ಷಿಸುತ್ತಿದ್ದರು, ಪ್ರಯೋಗಾಲಯದ ಬೆನೆಡಿಕ್ಟ್ ತಾಮ್ರದ್ರಾವಣ ಅದರ ಮುಂದುವರಿಕೆ ಎಂಬುದು ಈ ವಾದ. ಮೂಲಪಾಠ ಇದನ್ನು ಸಮರ್ಥಿಸುವುದಿಲ್ಲ. ನಿದಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಇರುವೆಯ ಪ್ರಸ್ತಾಪ ಬರುವುದು ಪ್ರಮೇಹದ (ಮಧುಮೇಹವೂ ಸೇರಿದ ಮೂತ್ರರೋಗಗಳ) ಪೂರ್ವರೂಪಗಳ, ಎಂದರೆ ಮುನ್ಸೂಚನೆಗಳ ನಡುವೆ. ಕೂದಲು ಜಡೆಗಟ್ಟುವುದು, ಬಾಯಿ ಸಿಹಿಯಾಗುವುದು, ಕೈಕಾಲು ಜೋಮು ಹಿಡಿಯುವುದು ಅದರ ನೆರೆಯ ಲಕ್ಷಣಗಳು. ಮೇಲಾಗಿ, ಇರುವೆ ಮತ್ತು ಷಟ್ಪದಗಳು ಮೂತ್ರಕ್ಕಷ್ಟೇ ಅಲ್ಲ, ರೋಗಿಯ ಮೈಗೂ ಮುತ್ತುತ್ತವೆ ಎಂದು ಅಲ್ಲಿದೆ. ವೈದ್ಯ ಕೈಗೊಂಡ ಪರೀಕ್ಷೆಯಾಗಿದ್ದರೆ ಮೈಯ ಮಾತು ಅಲ್ಲಿ ಬರಬೇಕಾಗಿರಲಿಲ್ಲ. ಇದು ಅಪೂರ್ವ ಅವಲೋಕನ. ಆ ಹಿರಿಮೆ ಚರಕನಿಗೆ ಸಾಕು.

ರಸಾಯನದ ದೃಷ್ಟಿಯಿಂದಲೂ ವಾದ ನಿಲ್ಲದು. ಕಬ್ಬಿನ ಸಕ್ಕರೆಗೂ ಇರುವೆ ಮುತ್ತುತ್ತದೆ. ಆದರೆ ಶುದ್ಧ ಕಬ್ಬಿನ ಸಕ್ಕರೆ ತಾಮ್ರವನ್ನು ಅಪಕರ್ಷಿಸುವುದಿಲ್ಲ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಮಧುಮೇಹಿಯ ಮೂತ್ರವನ್ನು ಇಂಗಿಸಿ ಸಿಹಿ ಶೇಷ ಪಡೆದದ್ದೂ ನಾಲಿಗೆಯ ಸಾಕ್ಷ್ಯವೇ. ಸಿಹಿಗೂ ಸಿಹಿಗೂ ಇರುವ ಭೇದವನ್ನು ತಾಮ್ರದಿಂದ ಹಿಡಿದವನು ಕಾರ್ಲ್ ಟ್ರೊಮ್ಮರ್. ಗೋಂದು, ಡೆಕ್ಸ್‌ಟ್ರಿನ್, ದ್ರಾಕ್ಷಿ ಸಕ್ಕರೆ (ಗ್ಲೂಕೋಸ್), ಕಬ್ಬಿನ ಸಕ್ಕರೆ (ಸುಕ್ರೋಸ್)ಗಳನ್ನು ಬೇರ್ಪಡಿಸಿ ಗುರುತಿಸುವುದು ಅವನ 1841ರ ಲೇಖನದ ಶೀರ್ಷಿಕೆಯಲ್ಲೇ ಇರುವ ಉದ್ದೇಶ. ರೋಗದ ಹೆಸರು ಆ ಶೀರ್ಷಿಕೆಯಲ್ಲಿಲ್ಲ. ಹೀಗಿದ್ದೂ ಪಠ್ಯಪುಸ್ತಕಗಳು ಅವನನ್ನು ದಾಟಿ ನೇರವಾಗಿ ತಾಮ್ರದ ಇನ್ನೊಂದು ಪರೀಕ್ಷೆಗೆ ಹೆಸರಾದ ಫೆಲಿಂಗ್‌ಗೆ ಬರುತ್ತವೆ. ಟ್ರೊಮ್ಮರ್‌ನ ವಿಧಾನದಲ್ಲಿ ಹೆಚ್ಚಾದ ತಾಮ್ರ ಕಾಯಿಸಿದಾಗ ಕಪ್ಪಾಗಿ, ಸಕ್ಕರೆಯನ್ನು ಸೂಚಿಸುವ ಕೆಂಪನ್ನು ಮರೆಮಾಡುತ್ತಿತ್ತು ನಿಜ. ಆ ತೊಡಕನ್ನು ಟಾರ್ಟ್ರೇಟಿನಿಂದ ನೀಗಿದವನು ಕೂಡ ಫೆಲಿಂಗ್ ಅಲ್ಲ, 1844ರಲ್ಲಿ ಬಾರೆಸ್ವಿಲ್. 1849ರ ಹೊತ್ತಿಗೆ ಫೆಲಿಂಗ್ ಕೊಟ್ಟದ್ದು ಖಚಿತ ಅಳತೆ. ಅದು ದೊಡ್ಡ ಕೊಡುಗೆ, ಆದರೆ ಮೊದಲ ಕೊಡುಗೆಯಲ್ಲ. ಸ್ಟ್ಯಾನ್ಲಿ ಬೆನೆಡಿಕ್ಟ್ ಸಿಟ್ರೇಟ್ ಮತ್ತು ಸೋಡಿಯಂ ಕಾರ್ಬೊನೇಟ್ ಬಳಸಿ, ಕೆಡದೆ ಉಳಿಯುವ ಒಂದೇ ದ್ರಾವಣವನ್ನು ರೂಪಿಸಿದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ.

ಸಿಹಿಗೂ ಸಿಹಿಗೂ ಇರುವ ಈ ಭೇದವನ್ನು ಶಿರಾ, ಮಧುಗಿರಿಗಳ ಪಿಯುಸಿ ಪ್ರಯೋಗಾಲಯದಲ್ಲೂ ನೋಡಬಹುದು. 5 ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣಕ್ಕೆ 8 ಹನಿ ಸಕ್ಕರೆ ನೀರು ಬೆರೆಸಿ ಎರಡು ನಿಮಿಷ ಕುದಿಸಿದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸಂತೆಯಿಂದ ತಂದ ಬೆಲ್ಲದ ನೀರಾದರೆ ಹಸಿರು, ಹಳದಿ, ಇಟ್ಟಿಗೆ ಕೆಂಪಿನತ್ತ ತಿರುಗುತ್ತದೆ. ಹುಳಿಯಂಶವುಳ್ಳ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಕ್ರೋಸಿನ ಒಂದು ಭಾಗ ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆದಿರುತ್ತದೆ. ಈ ಕೆಂಪನ್ನು ಕಂಡು ಬೆಲ್ಲಕ್ಕೆ ಗ್ಲೂಕೋಸ್ ಬೆರೆಸಿದ್ದಾರೆ ಎಂದು ತೀರ್ಮಾನಿಸುವುದು ತಪ್ಪು. ಮೂತ್ರದಲ್ಲೂ ಹಾಗೆಯೇ: ಹಾಲೂಡುವ ತಾಯಿಯ ಲ್ಯಾಕ್ಟೋಸ್, ಹೆಚ್ಚು ಪ್ರಮಾಣದ ಸಿ ಜೀವಸತ್ವ ಕೂಡ ಬಣ್ಣ ಬದಲಿಸಬಲ್ಲವು. ಬೆನೆಡಿಕ್ಟ್ ಪರೀಕ್ಷೆ ತೋರಿಸುವುದು ಅಪಕರ್ಷಣೆಯನ್ನು. ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವದ ಪಟ್ಟಿಗಳು ಬಳಕೆಗೆ ಬಂದದ್ದು 1950ರ ದಶಕದಲ್ಲಿ.