ಕಲ್ಲು ಬಂಗಲೆಯ ಕಲೆಕ್ಟರರು



ಉದಕಮಂಡಲದ ಮೊದಲ ಆಂಗ್ಲರ ಮನೆಗೆ ಊರವರು ಇಟ್ಟ ಹೆಸರು ಕಲ್ಲು ಬಂಗಲೆ. ಕಟ್ಟಿಸಿದವರು ಜಾನ್ ಸಲಿವನ್. 1788ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರು ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಸೇರಿ, ಮುಂದೆ ಕೊಯಮತ್ತೂರಿನ ಕಲೆಕ್ಟರರಾದರು. 1819ರಲ್ಲಿ ನೀಲಗಿರಿ ಹತ್ತಿದವರು ಮೊದಲು ಮನೆ ಮಾಡಿದ್ದು ಕೋಟಗಿರಿಯ ಬಳಿ, ಬಡಗರ ಹಟ್ಟಿಗಳ ನೆರೆಯಲ್ಲಿ. 1820ರಲ್ಲಿ ಹೆನ್ರಿಯೆಟ್ಟಾ ಅವರನ್ನು ಮದುವೆಯಾದರು.

1822ರಲ್ಲಿ ಉದಕಮಂಡಲದಲ್ಲಿ ಕಲ್ಲು ಬಂಗಲೆಯ ಕೆಲಸ ಆರಂಭವಾಯಿತು. ತೊರೆಗೆ ಒಡ್ಡು ಕಟ್ಟಿಸಿ ಕೆರೆ ಮಾಡಿಸಿದರು. ಸೀಮೆಯ ತರಕಾರಿ, ಹಣ್ಣಿನ ಗಿಡ ತರಿಸಿ ನೆಡಿಸಿದರು. ಇದಕ್ಕೆಲ್ಲ ನೆಲ ಬಂದದ್ದು ತೊದವರಿಂದ, ಎಕರೆಗೆ ಒಂದೇ ರೂಪಾಯಿಯಂತೆ! ಆದರೂ ಬೆಟ್ಟದ ಒಡೆತನ ತೊದವರದೇ ಎಂದು ಸರ್ಕಾರದ ಮುಂದೆ ವಾದಿಸಿದವರೂ ಇದೇ ಸಲಿವನ್ನರು. ಕೊಂಡವರೂ ಅವರೇ, ಹಕ್ಕಿಗಾಗಿ ನಿಂತವರೂ ಅವರೇ.

1838ರಲ್ಲಿ ಮಡದಿಯೂ ಮಗಳು ಹ್ಯಾರಿಯಟ್ಟಳೂ ತೀರಿಕೊಂಡರು. ಇಬ್ಬರನ್ನೂ ಸಂತ ಸ್ಟೀಫನ್ನರ ಇಗರ್ಜಿಯ ಆವರಣದಲ್ಲಿ ಮಣ್ಣು ಮಾಡಿದರು. ಆ ಇಗರ್ಜಿಯ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು. 1841ರಲ್ಲಿ ಸಲಿವನ್ನರು ಸ್ವದೇಶಕ್ಕೆ ಮರಳಿದರು. 1855ರಲ್ಲಿ ಅಲ್ಲೇ ಕಣ್ಣುಮುಚ್ಚಿದರು.

ಬೆಟ್ಟಕ್ಕೆ ಹೋದಾಗ ಕೆರೆ ನೋಡಿ ಹಾಗೇ ಮರಳಬೇಡಿ. ಆ ತಾಯಿ ಮಗಳ ಸಮಾಧಿಯನ್ನೂ ಕಂಡು ಬನ್ನಿ. ತೊದವರ ಮಂದುಗಳನ್ನೂ ನೆನೆಯಿರಿ.